ನೆಲಕ್ಕಂಟಿದ ವಾಸನೆ

ವಾಸನೆ ಮೊದಲು ಗೊತ್ತಾದದ್ದು ನನಗೆ. ಆ ಮನೆಯಲ್ಲಿ ನೆಲಕ್ಕೆ ಮೂಗು ತಾಗಿಸಿಕೊಂಡು ಕೆಲಸ ಮಾಡುವವಳು ನಾನೊಬ್ಬಳೇ.

ಬೆಳಗಿನ ಬ್ರೆಡ್ಡು ಖರ್ಚಾಗಿ, ಬೇಕರಿಯ ಬಾಗಿಲನ್ನು ಅರ್ಧ ಎಳೆದ ಮೇಲೆ ನೆಲ ಒರೆಸಲು ಕೂರುತ್ತೇನೆ. ಮುಂದೆ ಅಂಗಡಿ, ಅದರ ಹಿಂದೆ ಓವನ್ನಿನ ಕೋಣೆ, ಪಕ್ಕದಲ್ಲಿ ಹಿಟ್ಟಿನ ಕೋಣೆ, ಆಮೇಲೆ ಮನೆ, ಕೊನೆಗೆ ಹಿತ್ತಲು. ಕೋಲಿಗೆ ಕಟ್ಟಿದ ಬಟ್ಟೆಗೆಲ್ಲ ಮೂಲೆಯಲ್ಲಿ ಕೂತ ಹಿಟ್ಟು ಬಗ್ಗುವುದಿಲ್ಲ, ಮಂಡಿಯೂರಿಯೇ ಒರೆಸಬೇಕು. ಅವತ್ತು ಮೆಟ್ಟಿಲ ಕೆಳಗಿನ ಗೂಡು ತಲುಪಿದಾಗ, ಹಣ್ಣು ಹುಳಿತ ಹಾಗೆ ಸಿಹಿಯಾದ, ಆದರೆ ಮೂಗಿನ ತುದಿ ಚುಚ್ಚುವ ಒಂದು ವಾಸನೆ ಬಂತು. ಎದ್ದು ನಿಂತೆ. ಬರೀ ಬ್ರೆಡ್ಡಿನ ವಾಸನೆ. ಬಗ್ಗಿದೆ. ಮತ್ತೆ ಅದೇ. ಅಂಬೆಗಾಲಿಟ್ಟು ಅದರ ಹಿಂದೆಯೇ ಹೋದರೆ ಹಿಟ್ಟಿನ ಕೋಣೆಯ ಮುಂದೆ ಹಾದು ಓವನ್ನಿನ ಕೋಣೆಯ ಬಾಗಿಲವರೆಗೂ ತೆಳ್ಳಗೆ ಹರಡಿತ್ತು.

ಗೂಡಿನಲ್ಲಿದ್ದದ್ದು ನಾದಿನಿಯ ತಗಡಿನ ಡಬ್ಬಿ. ಡಬ್ಬಿಯಲ್ಲಿ ರೇಸಿನ ಪೆಟ್ರೋಲು.

ನಾದಿನಿಗೆ ಇಪ್ಪತ್ತೇಳು ವರ್ಷ. ಮೋಟರ್‌ಸೈಕಲ್ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ, ರಜೆಯಲ್ಲಿ ರೇಸು. ಗ್ಯಾರೇಜಿಗೆ ಬರುವವರು ಮೇಡಂ ಎನ್ನುತ್ತಾರೆ. ಮನೆಯಲ್ಲಿ ಇವತ್ತಿಗೂ ಪಾಪು. ನಾನು ಮದುವೆಯಾಗಿ ಬಂದಾಗ ಮುಂದಿನ ಹಲ್ಲು ಬಿದ್ದ, ಎರಡು ಜಡೆಯ ಹುಡುಗಿ ಅವಳು. ಮೊದಮೊದಲು ಬಾಗಿಲ ಸಂದಿಯಿಂದ ಇಣುಕುತ್ತಿದ್ದವಳು ಒಂದು ದಿನ ಬಂದು ನನ್ನ ಮಗ್ಗುಲಲ್ಲಿ ಮಲಗಿಬಿಟ್ಟಳು. ನನಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಈ ಮನೆಯವರು ಎತ್ತುವುದು ಬಿಟ್ಟು ಬಹಳ ಕಾಲವಾಯಿತು. ಎತ್ತುವುದು ಬಿಟ್ಟದ್ದಕ್ಕೆ ಕಾರಣ ಪಾಪುವೇ ಇರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಸಂಜೆ ಅವಳಿಗೆ ಹೇಳಿದೆ. "ನಿನ್ನ ಡಬ್ಬಿ ವಾಸನೆ ಬಿಡ್ತಾ ಇದೆ ಪಾಪು."

"ಮುಚ್ಚಳ ಸಡಿಲ ಆಗಿರಬೇಕು ಅತ್ತಿಗೆ. ಅಣ್ಣಂಗೆ ಹೇಳ್ಬೇಡಿ, ಪ್ಲೀಸ್." ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ನಿನ್ನೆ ಪ್ರಾಕ್ಟೀಸಿಗೆ ಅರ್ಧ ತಗೊಂಡು ಹೋಗಿದ್ದೆ. ಅವಸರದಲ್ಲಿ ಸರಿಯಾಗಿ ಹಾಕಿಲ್ಲ."

"ಗ್ಯಾರೇಜಲ್ಲೇ ಇಟ್ಕೊಳ್ಳೋಕೆ ಏನು?"

"ಅಲ್ಲಿಟ್ರೆ ಹುಡುಗರು ಮಜಾ ನೋಡೋಣ ಅಂತ ಅವರವರ ಗಾಡಿಗೆ ಸುರ್ಕೊಂಡು ಬಿಡ್ತಾರೆ. ಇದು ಬಂಕಲ್ಲಿ ಸಿಗೋದಲ್ಲ. ನನ್ನ ಇಂಜಿನ್ ಕಟ್ಟಿರೋದೇ ಇದಕ್ಕೆ. ಮಾಮೂಲಿ ಪೆಟ್ರೋಲ್ ಹಾಕಿದ್ರೆ ಒಳಗೇ ಬಡ್ಕೊಂಡು ಬಡ್ಕೊಂಡು ಪಿಸ್ಟನ್ ತೂತಾಗುತ್ತೆ."

ಮುಂದಿನ ತಿಂಗಳು ರೇಸು. ಅವಳು ರೇಸಿಗೆ ಇಳಿದ ಮೇಲೆ ಇದೇ ಮೊದಲ ದೊಡ್ಡ ಸ್ಪರ್ಧೆ. ನಾನು ಸುಮ್ಮನಾದೆ. ಆದರೆ ಈ ಮಾತು ನಡೆಯುವಾಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ನನ್ನ ಅತ್ತೆಗೆ ಅರ್ಧ ಖಾಲಿಯಾದ ಡಬ್ಬಿಯನ್ನು ಕಂಡರೆ ಆಗದು. ಸಕ್ಕರೆ ಅರ್ಧಕ್ಕಿಳಿದರೆ ಚಿಕ್ಕ ಡಬ್ಬಿಗೆ ಹೋಗಬೇಕು, ಅದೂ ಅರ್ಧಕ್ಕಿಳಿದರೆ ಇನ್ನೂ ಚಿಕ್ಕದಕ್ಕೆ. ಅದೂ ಗಾಜಿನದೋ, ಬೆಳ್ಳನೆಯ ಪ್ಲಾಸ್ಟಿಕ್ಕಿನದೋ ಆಗಬೇಕು. ಎಷ್ಟಿದೆ ಎಂಬುದು ಕಣ್ಣಿಗೆ ಕಾಣಬೇಕು. ಈ ಶಿಸ್ತಿನಿಂದಲೇ ಅವರು ಬೇಕರಿಯನ್ನು ಅದರ ಕಷ್ಟದ ವರ್ಷಗಳಲ್ಲಿ ಉಳಿಸಿದ್ದು. ಹಾಗಾಗಿ ಅದಕ್ಕೆ ನಾವ್ಯಾರೂ ನಗುತ್ತಿರಲಿಲ್ಲ, ಕನಿಷ್ಠ ಅವರ ಎದುರಿಗೆ.

ಮಾರನೆಯ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಅವರು ಆ ಡಬ್ಬಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ನೀರು ತರುವ ಎರಡು ಬಿಳಿ ಕ್ಯಾನುಗಳಿಗೆ ಪೆಟ್ರೋಲು ಬಗ್ಗಿಸಿದರು. ವಾಸನೆ ಹೋಗಲಿ ಎಂದು ಮುಚ್ಚಳವನ್ನು ಮೇಲೆ ಸುಮ್ಮನೆ ಕೂರಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟರು. ತಗಡಿನ ಡಬ್ಬಿಯನ್ನು ಸೋಪು ಹಾಕಿ ತೊಳೆದು ಬೋರಲು ಹಾಕಿದರು.

ಹಾಗೆ ಎಷ್ಟೋ ಹೊತ್ತು ಇತ್ತು. ಸಂಜೆ ಪಾಪು ಬಂದು ಹಿತ್ತಲ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಕ್ಯಾನುಗಳ ಹೊಟ್ಟೆ ಬಿಸಿಲಿಗೆ ಮೆತ್ತಗಾಗಿ ಉಬ್ಬಿತ್ತು. ಒಳಗಿನ ಬಣ್ಣ ಮಾಸಿತ್ತು. ಬೆರಳಷ್ಟು ಮಟ್ಟ ಕೆಳಗಿಳಿದಿತ್ತು.

"ಅಮ್ಮಾ! ಏನಮ್ಮ ಮಾಡಿದೆ?"

"ಏನು ಮಾಡಿದೆ? ಮನೆಯೆಲ್ಲ ನಾರ್ತಾ ಇತ್ತು, ಗಾಳಿಗಿಟ್ಟೆ. ನಿಮ್ಮತ್ತಿಗೆ ಹೇಳ್ಲಿಲ್ವ ವಾಸನೆ ಅಂತ?"

"ಹಾರಿಹೋಗಿದ್ದೇ ಅದರ ಸತ್ವ! ಉಳಿದಿರೋದು ಬರೀ ಕೊಳೆನೀರು! ಬಿಸಿಲಲ್ಲಿ... ಪ್ಲಾಸ್ಟಿಕ್ಕಲ್ಲಿ... ಒಂದು ಕಿಡಿ ಬಿದ್ದಿದ್ರೆ ನೀನೇ ಇರ್ತಿರ್ಲಿಲ್ಲ!"

"ಇರದೇ ಹೋಗಿದ್ರೆ ಒಳ್ಳೇದೇ ಆಗ್ತಿತ್ತು, ಮಗಳ ಕೈಲಿ ಬೈಸ್ಕೊಳ್ಳೋದು ತಪ್ತಿತ್ತು." ಅತ್ತೆ ಬೋರಲು ಹಾಕಿದ ಡಬ್ಬಿಯನ್ನು ಸೆರಗಿನಿಂದ ಒರೆಸತೊಡಗಿದರು. ಅವರು ಒಳ್ಳೆಯದು ಮಾಡಲು ಹೋಗಿದ್ದರು.

ಗಲಾಟೆ ಕೇಳಿ ನನ್ನವರು ಬಂದರು. ಕೈಯೆಲ್ಲ ಹಿಟ್ಟು. ಕ್ಯಾನುಗಳನ್ನು ನೋಡಿದರು, ಬೋರಲು ಬಿದ್ದ ಡಬ್ಬಿಯನ್ನು ನೋಡಿದರು. ಮನುಷ್ಯ ಜೋರಾಗಿ ಮಾತಾಡುವವರಲ್ಲ. ಬಹಳ ಸಿಟ್ಟು ಬಂದಾಗ ಇನ್ನೂ ಮೆತ್ತಗಾಗುತ್ತಾರೆ.

"ಇದು ಎಲ್ಲಿತ್ತು?"

ಪಾಪುವಿನ ಕಣ್ಣು ಮೆಟ್ಟಿಲ ಕಡೆ ಹೋಯಿತು.

"ಮೆಟ್ಟಿಲ ಕೆಳಗಾ? ಪಕ್ಕದಲ್ಲಿ ಹಿಟ್ಟು, ಅದರಾಚೆ ಬೆಂಕಿ. ನಾನು ದಿನಾ ಬೆಳಗಾಗೋ ಮುಂಚೆ ಬಂದು ಕಡ್ಡಿ ಗೀರ್ತೀನಿ, ಪಾಪು. ಗೀರೋದು ನಾನು." ಅವರು ಕೈಯ ಹಿಟ್ಟನ್ನೇ ನೋಡಿಕೊಂಡು ಹೇಳಿದರು, "ಇನ್ಮೇಲೆ ಒಂದು ಹನಿ ಈ ಮನೆಗೆ ಬರ್ಬಾರ್ದು."

"ಬರಲ್ಲ," ಅಂದಳು ಪಾಪು. "ಗ್ಯಾರೇಜ್ ಮೇಲೆ ಒಂದು ರೂಮ್ ಖಾಲಿ ಇದೆ. ನಾನೇ ಹೋಗ್ತೀನಿ. ನಾನೂ ಬೇಡ, ನನ್ನ ಪೆಟ್ರೋಲೂ ಬೇಡ."

"ನಿನ್ನಿಷ್ಟ."

ಅಣ್ಣ ತಂಗಿ ಇಬ್ಬರೂ ಒಂದೇ ಅಚ್ಚಿನವರು. ಆಡಿದ ಮಾತಿನಿಂದ ಒಂದು ಹೆಜ್ಜೆ ಹಿಂದೆ ಬರುವುದೆಂದರೆ ಇಬ್ಬರಿಗೂ ಜೀವ ಹೋದ ಹಾಗೆ.

ಆ ರಾತ್ರಿ ಊಟಕ್ಕೆ ನಾಲ್ಕು ಜನ ನಾಲ್ಕು ಹೊತ್ತಿನಲ್ಲಿ ಕೂತೆವು. ಪಾತ್ರೆ ತೊಳೆಯುತ್ತ ನಾನು ಪಾಪು ಇಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದೆ. ಅತ್ತೆ ಮಧ್ಯಾಹ್ನ ಮಲಗುತ್ತಾರೆ, ಇವರು ಸಂಜೆಗೇ ಮಲಗುತ್ತಾರೆ. ಇಬ್ಬರೂ ಕೆಟ್ಟವರಲ್ಲ. ಆದರೆ ನಾನು ಕನಸಿನಲ್ಲಿ ಕಂಡದ್ದನ್ನೋ, ಅಂಗಡಿಗೆ ಬಂದ ಹೆಂಗಸಿನ ವಿಚಿತ್ರ ಟೋಪಿಯನ್ನೋ ಹೇಳಿದರೆ "ಆಮೇಲೆ?" ಎಂದು ಕೇಳುವವಳು ಪಾಪು ಒಬ್ಬಳೇ. ಆ "ಆಮೇಲೆ" ಹೋಗಿಬಿಟ್ಟರೆ ನಾನು ಮಾತೇ ಮರೆಯುತ್ತೇನೇನೋ ಅನ್ನಿಸಿ ಹೆದರಿಕೆಯಾಯಿತು. ಅವಳು ಎಂದಾದರೂ ಹೋಗುವವಳೇ. ತನ್ನದೊಂದು ಮನೆ, ತನ್ನದೊಂದು ಬದುಕು ಎಂದು ಹೋದರೆ ನಾನೇ ಪೆಟ್ಟಿಗೆ ಹೊರುತ್ತೇನೆ. ಹೀಗೆ, ಒಂದು ಡಬ್ಬಿಯ ಕಾರಣಕ್ಕೆ, ಮುಖ ತಿರುಗಿಸಿಕೊಂಡು ಹೋಗಬಾರದು.

ಬೆಳಗ್ಗೆ ನೆಲ ಒರೆಸುವಾಗ ಕೈ ನಿಂತು ನಿಂತು ಮುಂದೆ ಹೋಗುತ್ತಿತ್ತು. ಬರಿದಾದ ಗೂಡಿನ ಮುಂದೆ ಬಗ್ಗಿ ಮೂಸಿದೆ. ವಾಸನೆ ಇನ್ನೂ ಇತ್ತು. ಅಷ್ಟು ತೆಳ್ಳಗಿನದು ಹೊಗೆಯ ಹಾಗೆ ಮೇಲೇಳದೆ ಯಾಕೆ ನೀರಿನ ಹಾಗೆ ನೆಲದ ಮೇಲೇ ಹರಿಯುತ್ತದೆ? ನೀರಿನ ಹಾಗೆ ಹರಿಯುವುದಾದರೆ, ನೀರಿಗೆ ಮಾಡಿದ ಹಾಗೆ ಅದಕ್ಕೂ ಹೊರಗೆ ಹೋಗಲು ದಾರಿ ಮಾಡಬಹುದಲ್ಲ?

ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಹೋದೆ.

ಹಿತ್ತಲ ತುದಿಯಲ್ಲಿ ಹಳೆಯ ಸೌದೆ ಕೋಣೆಯಿದೆ. ಮಾವನವರ ಕಾಲದಲ್ಲಿ ಓವನ್ನು ಸೌದೆಯಲ್ಲಿ ಉರಿಯುತ್ತಿತ್ತು. ಗ್ಯಾಸು ಬಂದ ಮೇಲೆ ಅಲ್ಲಿ ಡೊಂಕಾದ ಟ್ರೇಗಳು, ಮುರಿದ ಸ್ಟೂಲು ಸೇರಿಕೊಂಡವು. ಇಟ್ಟಿಗೆ ಗೋಡೆ, ಪಕ್ಕದ ಎತ್ತರದ ಗೋಡೆಯ ನೆರಳಿನಲ್ಲಿರುವುದರಿಂದ ದಿನವಿಡೀ ತಂಪು. ಕಿಟಕಿಯಿಲ್ಲ, ಕರೆಂಟಿಲ್ಲ. ಸೌದೆಗೆ ಗಾಳಿಯಾಡಲೆಂದು ಗೋಡೆಯ ಬುಡದಲ್ಲೇ ಸಾಲಾಗಿ ಕಿಂಡಿ ಬಿಟ್ಟಿದ್ದರು. ನಾನು ಒಳಗೆ ಹೋಗಿ ನೆಲದ ಮೇಲೆ ಕೈಯಿಟ್ಟೆ. ಬೆರಳುಗಳ ಸಂದಿಯಲ್ಲಿ ಗಾಳಿ ಹಾದುಹೋಯಿತು.

ಪಾಪು ತನ್ನ ಬೂಟು, ಹೆಲ್ಮೆಟ್ಟುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕೈ ಹಿಡಿದು ಎಳೆದುಕೊಂಡು ಬಂದೆ.

"ಬಿಡಿ ಅತ್ತಿಗೆ, ನಿಮ್ಮ ಕೈ ಒದ್ದೆ!"

"ನೋಡಿಲ್ಲಿ. ನಿನ್ನ ಪೆಟ್ರೋಲಿಗೆ ಏನೇನು ಬೇಕು ಹೇಳು."

ಅವಳು ಸುತ್ತ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೂತು ಕಿಂಡಿಗಳನ್ನು ನೋಡಿದಳು, ನಾನು ಮಾಡಿದ ಹಾಗೇ ನೆಲದ ಮೇಲೆ ಕೈಯಿಟ್ಟಳು. "ಇದು... ಅತ್ತಿಗೆ, ಇದು ಗ್ಯಾರೇಜಿಗಿಂತ ಚೆನ್ನಾಗಿದೆ." ಮರುಕ್ಷಣ ಮುಖ ಸಣ್ಣದು ಮಾಡಿಕೊಂಡಳು. "ಏನು ಪ್ರಯೋಜನ, ಅಣ್ಣ ಒಪ್ಪಲ್ಲ."

"ಅಣ್ಣನ ವಿಷಯ ನಂಗೆ ಬಿಡು. ಬೇಕಾದ್ದು ಹೇಳು ಅಂದ್ನಲ್ಲ."

ಅವಳು ಹೇಳುತ್ತ ಹೋದಳು. ಇಂಧನಕ್ಕೆಂದೇ ಮಾಡಿದ ತಗಡಿನ ಡಬ್ಬಿಯೇ ಬೇಕು, ಬೆಳಕು ಬೀಳಬಾರದು, ಬಿಸಿ ತಾಗಬಾರದು. ಒಂದರಿಂದ ಒಂದಕ್ಕೆ ಸುರಿಯುವಾಗ ಡಬ್ಬಿ ನೆಲದ ಮೇಲೇ ಕೂತಿರಬೇಕು, ಒಂದಕ್ಕೊಂದು ತಾಗಿರಬೇಕು. ಇಲ್ಲದಿದ್ದರೆ ನೈಲಾನ್ ಬಟ್ಟೆ ಕಳಚುವಾಗ ಚಟಪಟ ಅನ್ನುತ್ತದಲ್ಲ, ಅಂಥದೇ ಒಂದು ಕಿಡಿ ಸಾಕು. ಹತ್ತಿರದಲ್ಲಿ ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರು. ಬಾಗಿಲಿಗೆ ಬೀಗ.

"ಮೊಬೈಲು?"

"ಹೊರಗೆ."

"ನಿಮ್ಮಮ್ಮ?"

ಪಾಪುವಿಗೆ ನಗು ಬಂತು. ನಿನ್ನೆಯಿಂದ ಅದೇ ಮೊದಲು. "ಅಮ್ಮ ಅಂತೂ ಖಂಡಿತ ಹೊರಗೆ."

ಇಬ್ಬರೂ ಸೇರಿ ಟ್ರೇಗಳನ್ನು ಹೊರಗೆಸೆದೆವು, ಜೇಡರ ಬಲೆ ಹೊಡೆದೆವು. ಅವಳು ಗ್ಯಾರೇಜಿಗೆ ರಜೆ ಹೇಳಿ, ಕೆಟ್ಟ ಪೆಟ್ರೋಲನ್ನು ಸರಿಯಾದ ಡಬ್ಬಿಗೆ ತುಂಬಿ, ಹಳೆಯ ಎಣ್ಣೆ ಒಯ್ಯುವವರಿಗೆ ಕೊಡಲು ತೆಗೆದುಕೊಂಡು ಹೋದಳು. ಚರಂಡಿಗೆ ಸುರಿದರೆ ಮುಗೀತಲ್ಲ ಎಂದು ಅತ್ತೆ ಒಳಗಿನಿಂದ ಗೊಣಗಿದ್ದು ಕೇಳಿಸಿತು. "ಚರಂಡಿ ನಮ್ಮ ಓವನ್ ಕೆಳಗೇ ಹೋಗೋದು ಅತ್ತೆ," ಅಂದೆ. ಗೊಣಗಾಟ ನಿಂತಿತು.

ಇನ್ನುಳಿದದ್ದು ಇವರು.

ಮಧ್ಯಾಹ್ನ ಇವರು ನಾದಿದ ಹಿಟ್ಟನ್ನು ತುಂಡು ಮಾಡುವಾಗ ನಾನು ಎದುರು ನಿಂತು ಉಂಡೆ ಕಟ್ಟುತ್ತೇನೆ. ಮದುವೆಯಾದ ಹೊಸದರಲ್ಲಿ ನಾವು ಮಾತಾಡಿಕೊಂಡದ್ದೆಲ್ಲ ಈ ಮೇಜಿನ ಎರಡು ಬದಿಯಲ್ಲೇ. ಕೈಗೆ ಕೆಲಸವಿದ್ದರೆ ಇವರಿಗೆ ಮಾತು ಸುಲಭ.

"ರೀ, ನೀವು ಹೆದರಿದ್ದು ಸರಿ," ಅಂದೆ.

ಇವರು ತಲೆಯೆತ್ತಲಿಲ್ಲ.

"ಅದರ ವಾಸನೆ ನಿಮ್ಮ ಓವನ್ ಬಾಗಿಲವರೆಗೂ ಬಂದಿತ್ತು. ನೆಲದ ಮೇಲೇ ಹರೀತದೆ. ನಿಂತವರಿಗೆ ಗೊತ್ತಾಗಲ್ಲ."

ಈಗ ಎತ್ತಿದರು. "ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಮುಚ್ಚಳ ಬಿಗಿ ಮಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಹೋಗಲ್ಲ. ಅದು ಈ ಗೋಡೆಗಳ ಒಳಗೆ ಇರೋ ವಸ್ತುವೇ ಅಲ್ಲ." ಒಂದು ಉಂಡೆ ಮುಗಿಸಿ ಇನ್ನೊಂದು ತೆಗೆದುಕೊಂಡೆ. "ಆದ್ರೆ ಹಿಟ್ಟಿನ ಧೂಳೂ ಗಾಳೀಲಿ ತುಂಬಿದ್ರೆ ಹತ್ಕೊಳ್ಳುತ್ತೆ ಅಂತ ಮೊದಲ ವಾರವೇ ನನಗೆ ಹೇಳ್ಕೊಟ್ಟೋರು ನೀವು. ಹಾಗಂತ ಹಿಟ್ಟನ್ನ ಮನೆಯಿಂದ ಓಡಿಸಿದ್ರಾ? ಅದಕ್ಕೆ ಅಂತ ಒಂದು ಕೋಣೆ ಮಾಡಿದ್ರಿ. ಬೆಂಕಿಗೂ ಒಂದು ಕೋಣೆ ಇದೆ. ಇದಕ್ಕಿನ್ನೂ ಇಲ್ಲ, ಅಷ್ಟೆ."

"ಸೌದೆ ಕೋಣೆ ಸದ್ದು ಬೆಳಗ್ಗೇನೇ ಕೇಳಿಸ್ತು ನನಗೆ." ಇವರು ಚಾಕು ಬದಿಗಿಟ್ಟರು. "ಅವಳ ಪರವಾಗಿ ವಕಾಲತ್ತಿಗೆ ಬಂದಿದೀಯ. ಅವಳಿಗೆ ಬೇಕಾದ್ರೆ ಅವಳು ಬಂದು ಕೇಳ್ಲಿ."

ಎಂದಿನಂತೆ ಆಗಿದ್ದರೆ ನಾನು ಅಲ್ಲಿಗೆ ನಿಲ್ಲಿಸುತ್ತಿದ್ದೆ. ಈ ಮನೆಯಲ್ಲಿ ನಾನು ಕೇಳಿದ್ದೆಲ್ಲ ಬೇರೆಯವರಿಗಾಗಿ: ಅತ್ತೆಗೆ ಕನ್ನಡಕ, ಪಾಪುವಿಗೆ ಸೈಕಲ್ಲು, ಇವರಿಗೆ ಬೆನ್ನುನೋವಿನ ಮುಲಾಮು. ಬೇರೆಯವರಿಗೆ ಕೇಳುವುದರಲ್ಲಿ ಒಂದು ಸುಖವಿದೆ. ಸಿಗದಿದ್ದರೆ ನಮಗೆ ನೋವಾಗುವುದಿಲ್ಲ, ಸಿಕ್ಕರೆ ಒಳ್ಳೆಯವರೆಂಬ ಹೆಸರು. ನನಗೇ ಏನಾದರೂ ಬೇಕು ಎನ್ನುವಾಗ ಮಾತ್ರ ನಾಲಿಗೆ ಒಣಗುತ್ತದೆ.

"ಅವಳ ಪರವಾಗಿ ಅಲ್ಲ," ಅಂದೆ. "ನನಗೆ ಬೇಕು."

"ನಿನಗೆ? ಪೆಟ್ರೋಲಾ?"

"ಅವಳು ಇಲ್ಲಿರ್ಬೇಕು. ಸಿಟ್ಟು ಮಾಡ್ಕೊಂಡು ಹೋಗ್ಬಾರ್ದು. ನೀವು ಮಲಗಿದ ಮೇಲೆ ಈ ಮನೇಲಿ ನನ್ನ ಹತ್ರ ಮಾತಾಡೋದು ಅವಳೊಬ್ಳೇ."

ಆಡಿದ ಮೇಲೆ ನನಗೇ ಭಯವಾಯಿತು. ದೂರಿನ ಹಾಗೆ ಕೇಳಿಸಿತೇನೋ. ಇವರು ನನ್ನನ್ನು ನೋಡುತ್ತಲೇ ಇದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಇದ್ದಲ್ಲೇ ಇದ್ದ ಒಂದು ವಸ್ತುವನ್ನು ಇವತ್ತು ಕಂಡವರ ಹಾಗಿತ್ತು.

"ಇದನ್ನ ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ನೀವು ಬೇಗ ಮಲಗ್ತೀರಲ್ಲ."

ಇವರು ಫಕ್ಕನೆ ನಕ್ಕರು. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಕೈ ತೊಳೆದು, ಹಿತ್ತಲ ಕಡೆ ಹೊರಟರು.

ಸೌದೆ ಕೋಣೆಯ ಬಾಗಿಲಲ್ಲಿ ನಿಂತು ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ, ಬೆನ್ನುನೋವಿನ ಮನುಷ್ಯ, ಒಂದು ಕೈ ಗೋಡೆಗೆ ಕೊಟ್ಟು ಮಂಡಿಯೂರಿ, ಕಿಂಡಿಯ ಹತ್ತಿರ ಕೆನ್ನೆಯಿಟ್ಟು ಗಾಳಿ ನೋಡಿದರು. ಅಲ್ಲಿಂದ ಮನೆಯ ಹಿಂಬಾಗಿಲವರೆಗೆ ಹಿತ್ತಲನ್ನು ಉದ್ದಕ್ಕೂ ನಡೆದು ಅಳೆದರು. ಅಷ್ಟರಲ್ಲಿ ಪಾಪು ಬಂದಳು. ಅಣ್ಣನನ್ನು ಕಂಡು ಗೇಟಿನಲ್ಲೇ ನಿಂತಳು.

"ಒಂದೇ ಡಬ್ಬಿ," ಇವರು ಗೋಡೆಗೆ ಹೇಳುವ ಹಾಗೆ ಹೇಳಿದರು. "ಬರೋದು ಹೋಗೋದು ಹಿಂದಿನ ಗೇಟಿಂದ. ಮನೆಯೊಳಗೆ ಹಾಯ್ಬಾರ್ದು. ಓವನ್ ಉರೀತಿರುವಾಗ ಮುಚ್ಚಳ ತೆಗೀಬಾರ್ದು. ರೇಸ್ ಮುಗಿದ ಮೇಲೆ ಉಳಿದದ್ದು ಇಲ್ಲಿ ಮಳೆಗಾಲ ಕಳೀಬಾರ್ದು. ಫೈರ್ ಸ್ಟೇಷನ್ನಿಗೆ ನಾನೇ ಹೋಗಿ ಕೇಳ್ಕೊಂಡು ಬರ್ತೀನಿ. ಅವರು ಬೇಡ ಅಂದ್ರೆ ಬೇಡ."

"ಆಯ್ತು," ಅಂದಳು ಪಾಪು.

"ಬೀಗದ ಕೈ ನಿಮ್ಮತ್ತಿಗೆ ಹತ್ರ ಇರುತ್ತೆ."

"ನನ್ನ ಪೆಟ್ರೋಲಿಗೆ ಅವರ ಹತ್ರ ಬೀಗದ ಕೈಯಾ?"

"ವಾಸನೆ ಗೊತ್ತಾಗೋದು ಅವಳಿಗೆ ತಾನೆ?"

ಫೈರ್ ಸ್ಟೇಷನ್ನಿನವರು ಒಬ್ಬರು ಬಂದು ನೋಡಿದರು. ಕಿಂಡಿಗಳಿಗೆ ತಂತಿಯ ಜಾಲರಿ ಹಾಕಿಸಲು ಹೇಳಿದರು, ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆಸಲು ಹೇಳಿದರು. ಇಷ್ಟು ಇಡಬಹುದು, ಇದಕ್ಕಿಂತ ಹೆಚ್ಚು ಇಡಬಾರದು ಎಂದರು. ಇವರು ಅವರಿಗೆ ಒಂದು ಕೇಕು ಕಟ್ಟಿಕೊಟ್ಟು ಕಳಿಸಿದರು.

ಪೆಟ್ರೋಲೇ ಇನ್ನೂ ಸಿಕ್ಕಿರಲಿಲ್ಲ. ಪಾಪು ಅವರಿವರಿಗೆ ಫೋನು ಮಾಡಿ ಮಾಡಿ, ಕಾಲು ಮುರಿದುಕೊಂಡು ಈ ಸಲದ ರೇಸು ಬಿಟ್ಟಿದ್ದ ಒಬ್ಬ ಗೆಳತಿಯಿಂದ ಅವಳ ಪಾಲನ್ನು ತರಿಸಿಕೊಂಡಳು. ಅದು ಹಿಂದಿನ ಗೇಟಿನಿಂದಲೇ ಬಂತು. ಆದರೆ ಡಬ್ಬಿ ಅರ್ಧ ಮಾತ್ರ ತುಂಬಿತ್ತು.

"ಇದು ಹೀಗೇ ಇದ್ರೆ ಆಗಲ್ಲ," ಪಾಪು ತುಟಿ ಕಚ್ಚಿದಳು. "ಖಾಲಿ ಜಾಗ ಇದ್ದಷ್ಟೂ ಒಳ್ಳೇ ಅಂಶ ಎಲ್ಲ ಮೇಲಕ್ಕೆ ಹಾರಿ ಅಲ್ಲೇ ತುಂಬ್ಕೊಳ್ಳುತ್ತೆ. ಮುಚ್ಚಳ ತೆಗೆದಾಗೆಲ್ಲ ಹೋಗ್ಬಿಡುತ್ತೆ. ಚಿಕ್ಕ ಡಬ್ಬಿಗೆ ಹೆಚ್ಚುಕಮ್ಮಿ ಬಾಯಿತನಕ ತುಂಬಬೇಕು."

ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಎದ್ದೇ ನಿಂತರು. "ಏನಂದೆ? ಇನ್ನೊಂದ್ಸಲ ಹೇಳು."

ಪಾಪುವಿಗೆ ತಾನೇನು ಹೇಳಿದೆ ಎಂಬುದು ಹೊಳೆದದ್ದು ಆಗ. "ಅಮ್ಮ, ಹಾಗಲ್ಲ..."

"ಹಾಗಲ್ಲ ಹೇಗಲ್ಲ? ಅರ್ಧ ಡಬ್ಬಿ ಇಡ್ಬಾರ್ದು ಅಂತ ನಾನು ಜೀವಮಾನವಿಡೀ ಬಾಯಿ ಬಡ್ಕೊಂಡೆ. ಮನೆ ತುಂಬ ನಕ್ರಿ. ಗೊತ್ತು ನಂಗೆ, ನಗ್ತಿದ್ರಿ. ಈಗ ದೊಡ್ಡ ದೊಡ್ಡ ಇಂಜಿನ್ನಿನೋರು ಅದನ್ನೇ ಹೇಳ್ತಾರೆ!"

"ಡಬ್ಬಿ ತಗಡಿಂದಾಗಿರ್ಬೇಕಿತ್ತು, ಬಿಸಿಲಲ್ಲಿ ಇಡ್ಬಾರ್ದಿತ್ತು, ಅಷ್ಟೇ ಅಮ್ಮ." ಪಾಪು ಹೋಗಿ ಅವರ ಭುಜಕ್ಕೆ ತಲೆಯೊರಗಿಸಿದಳು. "ಮಿಕ್ಕಿದ್ದೆಲ್ಲ ನೀನು ಸರಿ. ಅವತ್ತು ನಾನು ಹಾಗೆ ಬೈಬಾರ್ದಿತ್ತು. ಹೆದರ್ಕೊಂಡ್ಬಿಟ್ಟೆ."

"ಸಾಕು, ಗ್ರೀಸ್ ವಾಸನೆ, ದೂರ ಹೋಗು," ಎಂದರು ಅತ್ತೆ. ಆದರೆ ದೂರ ತಳ್ಳಲಿಲ್ಲ.

ಓವನ್ನು ಆರಿದ ಮೇಲೆ, ಚಿಕ್ಕ ಡಬ್ಬಿಯನ್ನು ನೆಲದ ಮೇಲಿಟ್ಟು, ಪಾಪು ಸುರಿದಳು, ನಾನು ತಗಡಿನ ಆಲಿಕೆ ಹಿಡಿದೆ. ಇದನ್ನು ದಾಟಬೇಡ ಎಂದು ಪಾಪು ಎಳೆದಿದ್ದ ಗೆರೆಯ ಆಚೆ ನಿಂತು, ಸುರಿಯುವ ಸದ್ದನ್ನೇ ಕೇಳಿಕೊಂಡು ಅತ್ತೆ "ಇನ್ನೊಂಚೂರು... ಇನ್ನೊಂಚೂರು... ಸಾಕು, ಉಬ್ಬೋಕೆ ಬೆರಳಷ್ಟು ಜಾಗ ಇರ್ಲಿ" ಎಂದು ಅಪ್ಪಣೆ ಕೊಟ್ಟರು. ಅವರು ಹೇಳಿದಲ್ಲಿಗೆ ನಿಲ್ಲಿಸಿದರೆ ಸರಿಯಾಗಿತ್ತು.

ಅವತ್ತಿನಿಂದ ನೆಲ ಒರೆಸುವಾಗ ನಾನು ಒಂದು ಕೋಣೆ ಹೆಚ್ಚಿಗೆ ಮಾಡಿದೆ. ಬೀಗ ತೆಗೆದು, ಬಗ್ಗಿ, ಮೂಸಿ ನೋಡುತ್ತಿದ್ದೆ. ಇಟ್ಟಿಗೆಯ ತಂಪು ವಾಸನೆ, ಬೇರೇನಿಲ್ಲ. ಅದಕ್ಕೆಷ್ಟು ಖುಷಿಪಡಬೇಕೋ ಅದಕ್ಕಿಂತ ಹೆಚ್ಚೇ ಖುಷಿಯಾಗುತ್ತಿತ್ತು.

ರೇಸಿಗೆ ಹೊರಡುವ ದಿನ ಬೆಳಕು ಹರಿಯುವಾಗ ಪಾಪು ಗೆಳತಿಯ ವ್ಯಾನು ತಂದು ಹಿಂದಿನ ಗೇಟಿಗೆ ನಿಲ್ಲಿಸಿದಳು. ಮೋಟರ್‌ಸೈಕಲ್ಲು ಹತ್ತಿಸಿ, ಹಗ್ಗ ಬಿಗಿದು, ಡಬ್ಬಿ ಅಲುಗಾಡದ ಹಾಗೆ ಕಟ್ಟಿದೆವು. ನಾನು ಕೋಣೆಗೆ ಬೀಗ ಹಾಕಿ ಬಂದಾಗ ಅವಳು ವ್ಯಾನಿನ ಬಾಗಿಲು ಹಿಡಿದು ನಿಂತಿದ್ದಳು.

"ಹತ್ತಿ ಅತ್ತಿಗೆ."

"ಎಲ್ಲಿಗೆ?"

"ಟ್ರ್ಯಾಕಿಗೆ. ಅಲ್ಲಿ ಇಂಧನ ತುಂಬೋವಾಗ ಇನ್ನೊಬ್ಬರು ಇರ್ಲೇಬೇಕು ಅಂತ ರೂಲ್ಸು. ಯಾವಾಗ್ಲೂ ಯಾರನ್ನಾದ್ರೂ ಬೇಡ್ಕೊಳ್ತಿದ್ದೆ. ನಿಮ್ಮಷ್ಟು ಚೆನ್ನಾಗಿ ಆಲಿಕೆ ಹಿಡಿಯೋರು ನಂಗೆ ಇನ್ನೂ ಸಿಕ್ಕಿಲ್ಲ."

"ಅಂಗಡಿ ಯಾರು ನೋಡ್ಕೊಳ್ತಾರೆ? ನೆಲ..."

"ನೆಲ ಎಲ್ಲಿಗೂ ಓಡಿಹೋಗಲ್ಲ," ಹಿತ್ತಲ ಬಾಗಿಲಿಂದ ಇವರ ದನಿ ಬಂತು. ಕೈಯಲ್ಲಿ ಬಿಸಿ ಬನ್ನುಗಳ ಪೊಟ್ಟಣವಿತ್ತು. "ಅಂಗಡಿಗೆ ಅಮ್ಮ ಕೂರ್ತಾಳೆ. ನಿನ್ನೆಯಿಂದ ಗಲ್ಲಾಪೆಟ್ಟಿಗೆ ಒರೆಸ್ತಿದಾಳೆ, ನೋಡ್ಲಿಲ್ವ? ಹೋಗ್ಬಾ. ನಾನು ಇವತ್ತು ಬೇಗ ಮಲಗಲ್ಲ. ಬಂದು ಏನೇನಾಯ್ತು ಹೇಳು."

ಪೊಟ್ಟಣವನ್ನು ನನ್ನ ಕೈಗಿಟ್ಟು, ಏನೋ ಆಡಬಾರದ್ದು ಆಡಿದವರ ಹಾಗೆ ಸರಸರ ಒಳಗೆ ಹೋದರು.

ನಾನು ಏಪ್ರನ್ ಬಿಚ್ಚಿ ಗೇಟಿಗೆ ಸಿಕ್ಕಿಸಿದೆ. ವ್ಯಾನಿನ ಮೆಟ್ಟಿಲು ಎತ್ತರವಿತ್ತು. ಪಾಪು ಕೈ ಕೊಟ್ಟಳು. ಹತ್ತಿ ಕೂತಮೇಲೆ ಬೆಲ್ಟು ಹೇಗೆ ಹಾಕಿಕೊಳ್ಳುವುದೆಂದು ತಡವರಿಸುತ್ತಿದ್ದರೆ ಅವಳೇ ಬಗ್ಗಿ ಕ್ಲಿಕ್ ಎನ್ನಿಸಿದಳು.

"ರೇಸಲ್ಲಿ ಗೆಲ್ತೀಯಾ?" ಕೇಳಿದೆ.

"ಗೊತ್ತಿಲ್ಲ. ಇಂಜಿನ್ ಬಡ್ಕೊಳ್ಳಲ್ಲ, ಅಷ್ಟಂತೂ ಗೊತ್ತು." ಗಾಡಿ ಚಾಲೂ ಮಾಡಿ, ಕನ್ನಡಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. "ಅತ್ತಿಗೆ, ಗ್ಯಾರೇಜ್ ಮೇಲಿನ ರೂಮ್ ಬೇಡ ಅಂತ ಮೊನ್ನೇನೇ ಹೇಳ್ಬಿಟ್ಟೆ. ನಿಮಗೆ ಹೇಳೋದು ಮರ್ತೇಹೋಯ್ತು."

ನಾನು ಒಂದು ಬನ್ನು ತೆಗೆದು ಅವಳ ಕೈಗಿಟ್ಟೆ. ಬನ್ನಿನ ಪೊಟ್ಟಣ ತೊಡೆಯ ಮೇಲೆ ಬೆಚ್ಚಗಿತ್ತು. ಬೀದಿಯ ತಿರುವು ದಾಟಿದ ಮೇಲೆ ನಾನು ಹಿಂದೆಂದೂ ಆ ಹೊತ್ತಿನಲ್ಲಿ ನೋಡಿರದ ಪೇಟೆ, ಅಂಗಡಿಗಳ ಬಾಗಿಲು ಒಂದೊಂದಾಗಿ ಮೇಲೇಳುತ್ತಿದ್ದ ಪೇಟೆ, ಎದುರಿಗೆ ಬಂತು.